ಅಂಗೈಯಗಲದ ಪರದೆ

ನವೆಂಬರ್ 12, 2024, ಮಂಗಳವಾರ, ಮಧ್ಯಾಹ್ನ 2 ಗಂಟೆ 10 ನಿಮಿಷ. ಸದರ್ನ್ ಅವೆನ್ಯೂ ಬಳಿಯ ನರ್ಸಿಂಗ್ ಹೋಮಿನಲ್ಲಿ ಡಾ. ಶ್ರೀವಿದ್ಯಾ ಕೋಟಿನ ಜೇಬಿನಿಂದ ಪುಟ್ಟ ಕಂಪ್ಯೂಟರ್ ತೆಗೆದು ಮುರಾರಿ ರಾಯರ ಹೆಸರು ಒತ್ತಿದಳು. ಹಿಂದಿನ ಸಂಜೆ ಅವರ ಪಿತ್ತಕೋಶವನ್ನು ತೆಗೆದಿದ್ದರು. ನಾಡಿ 98, ಹಸಿರು ಅಂಕಿ. ಬೆರಳಾಡಿಸಿದರೆ ಮುಂದಿನ ಪುಟ: ರಕ್ತದೊತ್ತಡ 108. ಅದೂ ಹಸಿರು.

“ಎಂತ ಡಾಕ್ಟ್ರೇ, ನನ್ನ ಮುಖಕ್ಕಿಂತ ಆ ಡಬ್ಬಿ ಚಂದ ಉಂಟಾ?” ಎಂದರು ರಾಯರು. ಲೇಕ್ ಮಾರ್ಕೆಟ್ಟಿನಲ್ಲಿ ದೋಸೆ ಹೋಟೆಲು ನಡೆಸುವ ಅವರು ಅವಳನ್ನು ಫ್ರಾಕಿನ ಕಾಲದಿಂದ ಬಲ್ಲವರು.

“ಡಬ್ಬಿಯೊಳಗೂ ನೀವೇ ಇರೋದು ಅಂಕಲ್. ಎಲ್ಲಾ ನಾರ್ಮಲ್.”

“ನಾರ್ಮಲ್ ಆದ್ರೆ ಇಷ್ಟು ಬಾಯಾರಿಕೆ ಯಾಕೆ ಮಾರಾಯ್ತಿ?” ಎಂದರು ಪತ್ನಿ ಗಿರಿಜಾ. “ಕುಡಿದಷ್ಟೂ ಸಾಲುದಿಲ್ಲ ಇವರಿಗೆ.”

ಈ ಯಂತ್ರ ಬಂದು ಒಂದು ತಿಂಗಳಾಗಿತ್ತು. ನಾಡಿ, ಒತ್ತಡಗಳ ಗೆರೆ ಎಳೆಯುತ್ತಿದ್ದ, ಮಂಚದ ಬುಡದಲ್ಲಿ ತೂಗುತ್ತಿದ್ದ ನಕ್ಷೆಯ ಹಾಳೆಗಳನ್ನು ತೆಗೆಸಿದ್ದರು. ವೈದ್ಯರ ದಿನನಿತ್ಯದ ಕೆಲಸಕ್ಕೆ ಇದು ಒಗ್ಗುತ್ತದೆಯೇ ಎಂದು ಆಡಳಿತದವರು ಅವಳ ಅಭಿಪ್ರಾಯ ಕೇಳಿದ್ದರು. ಹಗುರ, ಒಂದೇ ಕೈ ಸಾಕು, ಚಾರ್ಜ್ ಇಡೀ ದಿನ ಬರುತ್ತದೆ. ದೂರಲು ಏನೂ ಹೊಳೆದಿರಲಿಲ್ಲ.

ರಾಯರ ಮಣಿಕಟ್ಟು ಹಿಡಿದಳು. ತಣ್ಣಗಿತ್ತು, ಬೆವೆತಿತ್ತು.

ಹಿಂದಿನ ಅಂಕಿಗಳನ್ನು ತೆರೆದಳು. ಯಂತ್ರ ಎಲ್ಲವನ್ನೂ ಇಟ್ಟುಕೊಂಡಿತ್ತು, ಆದರೆ ಒಂದು ಸಲಕ್ಕೆ ಒಂದನ್ನೇ ತೋರಿಸುತ್ತಿತ್ತು. ನಾಡಿ ನೋಡುವಾಗ ಒತ್ತಡ ಮರೆ, ಒತ್ತಡ ನೋಡುವಾಗ ನಾಡಿ ಮರೆ. ಸಲೈನಿನ ಖಾಲಿ ಪೆಟ್ಟಿಗೆಯ ಮೇಲೆ ಎರಡನ್ನೂ ಗುರುತು ಹಾಕಿದಳು. ಬೆಳಗಿನಿಂದ ಒತ್ತಡ: 146, 138, 126, 116, 108. ನಾಡಿ: 76, 82, 88, 94, 98. ಯಾವುದೂ ಯಂತ್ರದ ಮಿತಿ ಮೀರಿರಲಿಲ್ಲ. ಚುಕ್ಕೆಗಳನ್ನು ಸೇರಿಸಿದಾಗ ಒಂದು ಗೆರೆ ಇಳಿಯುತ್ತ, ಇನ್ನೊಂದು ಏರುತ್ತ, ಎರಡೂ ಒಂದನ್ನೊಂದು ಸಂಧಿಸಲು ಹೊರಟಿದ್ದವು.

ತೋಳಿಗೆ ಪಟ್ಟಿ ಕಟ್ಟಿ ಮತ್ತೆ ಅಳೆದಳು. ಒತ್ತಡ 92. ನಾಡಿ 116. ಗೆರೆಗಳು ಒಂದನ್ನೊಂದು ದಾಟಿದ್ದವು. ಯಂತ್ರ ಈಗ ಕೆಂಪಾಯಿತು.

“ಸರ್, ಒಳಗೆ ರಕ್ತ ಸೋರ್ತಿದೆ,” ಎಂದು ಶಸ್ತ್ರಚಿಕಿತ್ಸಕ ಡಾ. ಸುಧೀರ್ ಅವರಿಗೆ ಫೋನ್ ಮಾಡಿದಳು.

“ಒಂದು ಗಂಟೆ ಹಿಂದೆ ನಾನೇ ನೋಡಿದೆನಲ್ಲ ಶ್ರೀವಿದ್ಯಾ! ಎಲ್ಲಾ ಹಸಿರಿತ್ತು.”

“ಹೌದು ಸರ್. ಪ್ರತಿ ಸಲವೂ ಹಸಿರೇ ಇತ್ತು.”

“ಆಪರೇಷನ್ ಥಿಯೇಟರಿಗೆ ಕರೆತನ್ನಿ. ರಕ್ತಕ್ಕೆ ಹೇಳಿ.”

ಲಿಫ್ಟಿನಲ್ಲಿ ರಾಯರು, “ಗಿರಿಜಾ, ಸಂಜೆಗೆ ಹಿಟ್ಟು...” ಎಂದು ಶುರುಮಾಡಿ, ಏನು ಹೇಳಹೊರಟಿದ್ದೆನೆಂಬುದನ್ನು ಹುಡುಕುವವರಂತೆ ಹೆಂಡತಿಯನ್ನು ನೋಡಿದರು. ಥಿಯೇಟರಿನ ಬಾಗಿಲಲ್ಲಿ ಗಿರಿಜಾ ಶ್ರೀವಿದ್ಯಾಳ ಕೈ ಹಿಡಿದರು.

“ನಾರ್ಮಲ್ ಅಂದ್ಯಲ್ಲ?”

ಅವಳು ಕೈ ಬಿಡಿಸಿಕೊಂಡು ಒಳಗೆ ನಡೆದಳು.

ಹೊಟ್ಟೆ ತೆರೆದ ಕೂಡಲೇ ರಕ್ತ ಉಕ್ಕಿತು. ಕೊಳವೆ ಹೀರಿದಂತೆಲ್ಲ ಗಾಜಿನ ಜಾಡಿ ತುಂಬಿ, ಇನ್ನೊಂದನ್ನು ಜೋಡಿಸಿದರು. ಹೃದಯ ಬಡಿಯುತ್ತಿತ್ತು, ಒತ್ತಡ ಮಾತ್ರ ಏರುತ್ತಿರಲಿಲ್ಲ. “ಎಷ್ಟಾಯ್ತು?” ಎಂದು ಸುಧೀರ್ ತಲೆಯೆತ್ತದೆ ಕೇಳಿದರು. ಶ್ರೀವಿದ್ಯಾ ಬಗ್ಗಿ ಎರಡೂ ಜಾಡಿಗಳ ಗೆರೆ ಓದಿ ಕೂಡಿಸಿದಳು.

ಎರಡು ಸಾವಿರದ ಮುನ್ನೂರು ಮಿಲಿಲೀಟರ್, ಮೈಯೊಳಗಿನ ರಕ್ತದ ಸುಮಾರು ಅರ್ಧ.