ಸಹಿ ಹಾಕದ ಅಕ್ಕ

ಚರಣ್ ಸತ್ತು ಎರಡು ದಿನವಾದರೂ ಶ್ರೀಪ್ರಿಯಾ ತಮ್ಮನ ಹೆಣ ತೆಗೆದುಕೊಳ್ಳಲು ಒಪ್ಪಲಿಲ್ಲ. ಸರ್ಕಾರಿ ಆಸ್ಪತ್ರೆಯ ಶವಾಗಾರದ ಮುಂದೆ, ಬೇವಿನ ಮರದ ಬುಡದಲ್ಲಿ ಕೂತವಳು ಕೂತೇ ಇದ್ದಳು.

ಚರಣ್‌ಗೆ ಇಪ್ಪತ್ಮೂರು. ಗಿಂಡಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಸೋರುತ್ತಿದ್ದ ಶೀಟು ಬದಲಿಸಲು ಶೆಡ್ಡಿನ ಮೇಲೆ ಹತ್ತಿಸಿದ್ದರು. ಶೀಟು ಮುರಿದು ಬಿದ್ದ. ಪೊಲೀಸರ ಕಾಗದದಲ್ಲಿ ಮಾತ್ರ ಬೇರೆಯೇ ಇತ್ತು: ಕುಡಿದಿದ್ದ, ಯಾರನ್ನೂ ಕೇಳದೆ ಹತ್ತಿದ, ಜಾರಿದ. ಅಕ್ಕ ಅದಕ್ಕೆ ಸಹಿ ಹಾಕಿದರೆ ಹೆಣ ಕೊಡುತ್ತಾರೆ.

ಹಾಗೆ ಬರೆಸಿದ್ದು ಕಾರ್ಖಾನೆಯ ಮ್ಯಾನೇಜರ್ ಮುರಳೀಧರ. ಅವಳ ಸೋದರಮಾವ. ಅಪ್ಪ ಹೋದ ಮೇಲೆ ಪೆರಂಬೂರಿನ ಸ್ವಂತ ಮನೆಯ ಮಹಡಿಯಲ್ಲಿ ತಾಯಿ ಮಕ್ಕಳನ್ನು ಇಟ್ಟುಕೊಂಡು ಸಾಕಿದವರು. ಅಕ್ಕ ತಮ್ಮ ಇಬ್ಬರಿಗೂ ಅದೇ ಕಾರ್ಖಾನೆಯಲ್ಲಿ ಕೆಲಸ ಕೊಡಿಸಿದವರು.

ಆ ಸಂಜೆ ಅವರೇ ಬಂದರು.

“ಪ್ರಿಯಾ, ಹಟ ಸಾಕು. ಮಗೂನ ಹೀಗೆ ಐಸಲ್ಲಿ ಇಟ್ರೆ ಅವನಿಗೇನು ಗತಿ? ಸೈನ್ ಮಾಡಿಬಿಡಮ್ಮ.”

“ಅವನು ಕುಡೀತಿದ್ನಾ ಮಾಮ?”

ಮಾಮ ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. “ಹೋದವನಿಗೆ ಯಾವ ಮಾತಾದ್ರೇನು? ಕಾರ್ಖಾನೆ ಮುಚ್ಚಿದ್ರೆ ಮುನ್ನೂರು ಮನೆ ಬೀದಿಗೆ ಬರುತ್ತೆ. ಅವರಿಗೂ ನಾನೇ ಉತ್ತರ ಹೇಳ್ಬೇಕು.”

“ಆ ಮುನ್ನೂರು ಜನಾನೂ ನಾಳೆ ಅದೇ ಶೆಡ್ ಹತ್ತಬೇಕಲ್ಲ, ಸೇಫ್ಟಿ ಬೆಲ್ಟ್ ಇಲ್ದೆ.”

ಅವಳು ಫೋನ್ ತೆಗೆದಳು. ಶೆಡ್ ಹತ್ತುವ ಮುಂಚೆ ಚರಣ್ ಕಳಿಸಿದ್ದ ಧ್ವನಿ ಸಂದೇಶ: “ಅಕ್ಕಾ, ಬೆಲ್ಟ್ ಕೇಳ್ದೆ, ಇಲ್ಲವಂತೆ. ಮಾಮಾನೇ ಹತ್ತು ಅಂದ್ರು. ಮುಗಿಸಿ ಫೋನ್ ಮಾಡ್ತೀನಿ.”

ಮಾಮನ ಮುಖ ಬಿಳಿಚಿಕೊಂಡಿತು. “ಇದನ್ನ ಪೊಲೀಸಿಗೆ ಕೊಟ್ರೆ ನಾನು ಜೈಲಿಗೆ. ನಿಮ್ಮಮ್ಮ ಎಲ್ಲಿರ್ತಾಳೆ, ಯೋಚನೆ ಮಾಡಿದೀಯಾ?”

“ಅದಕ್ಕೇ ಇನ್ನೂ ಕೊಟ್ಟಿಲ್ಲ. ನೀವೇ ಹೋಗಿ ನಿಜ ಹೇಳ್ತೀರಿ ಅಂತ ಕಾದೆ.”

ಅವರು ಕಾರು ಹತ್ತಿ ಹೊರಟರು. ಸ್ವಲ್ಪ ಹೊತ್ತಿಗೆ ಅಮ್ಮ ಕಲಾವತಿಯ ಫೋನ್ ಬಂತು, ಅಳು ತುಂಬಿದ ದನಿ: “ಇರೋ ಒಬ್ಬ ತಮ್ಮನ್ನ ನನ್ನಿಂದ ಕಿತ್ಕೋಬೇಡ ಕಣೇ.”

“ನನಗೂ ಒಬ್ಬನೇ ತಮ್ಮ ಇದ್ದಿದ್ದಮ್ಮ,” ಎಂದಳು ಶ್ರೀಪ್ರಿಯಾ.

ಮರುದಿನ ಬೆಳಿಗ್ಗೆ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಆ ಧ್ವನಿಯನ್ನು ಎರಡು ಸಲ ಕೇಳಿದ. ಸ್ವಂತ ಮಾವನೇ ಎಂದು ಖಾತ್ರಿ ಮಾಡಿಕೊಳ್ಳುವವನಂತೆ “ಸೊಂದ ಮಾಮಾವಾಮ್ಮಾ?” ಎಂದು ತಮಿಳಿನಲ್ಲಿ ಕೇಳಿದ.

“ಆಮಾ ಸಾರ್. ಬರ್ಕೊಳ್ಳಿ.” ತಮಿಳೂ ಕನ್ನಡವೂ ಒಟ್ಟಿಗೆ ಬಂದವು. ಅವನಿಗೆ ಅರ್ಥವಾಯಿತು.

ಮಧ್ಯಾಹ್ನದ ಹೊತ್ತಿಗೆ ಕಾಗದ ಬದಲಾಯಿತು. ‘ಕುಡಿದಿದ್ದ’ ಎಂಬ ಮಾತು ಹೋಗಿದೆಯೇ ಎಂದು ಸಾಲು ಸಾಲಾಗಿ ಓದಿ ನೋಡಿದ ಮೇಲೆಯೇ ಅವಳು ಸಹಿ ಹಾಕಿದ್ದು. ಸಂಜೆ ಅವಳೇ ತಮ್ಮನ ಚಿತೆಗೆ ಬೆಂಕಿ ಕೊಟ್ಟಳು. ಕಾರ್ಖಾನೆಯ ಹುಡುಗರು ಯೂನಿಫಾರ್ಮಿನಲ್ಲೇ ಬಂದಿದ್ದರು. ಮನೆಯವರು ಯಾರೂ ಬರಲಿಲ್ಲ.

ಮಾಮ ಹನ್ನೆರಡು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದರು. ಅವಳ ಕೆಲಸ ಹೋಯಿತು. ಮಹಡಿಗೆ ಬೀಗ ಬಿತ್ತು. ಅಮ್ಮ ಕೆಳಗೆ ತಮ್ಮನ ಮನೆಯಲ್ಲೇ ಉಳಿದಳು. ಮಗಳು ಒಮ್ಮೆ ನೋಡಲು ಹೋದಾಗ ಕಿಟಕಿಯಿಂದಲೇ ಹೇಳಿದಳು: “ಕೇಸ್ ಬಿಟ್ಟು ಒಳಗೆ ಬಾ.”

“ಆಗಲ್ಲಮ್ಮ.”

ಕಿಟಕಿ ಮುಚ್ಚಿತು. ಶ್ರೀಪ್ರಿಯಾ ಗೇಟು ಹಿಡಿದು ಬಹಳ ಹೊತ್ತು ನಿಂತಿದ್ದಳು.

ವರ್ಷದ ಮೇಲೆ ಕೋರ್ಟಿನಲ್ಲಿ ಅವಳ ಹೆಸರು ಕೂಗಿದರು. ಎದುರು ಬೆಂಚಿನಲ್ಲಿ ಮಾಮ, ಅವರ ಪಕ್ಕ ಅಮ್ಮ. ಶ್ರೀಪ್ರಿಯಾ ಕಟಕಟೆ ಹತ್ತಿ, ಇಬ್ಬರನ್ನೂ ನೋಡುತ್ತಲೇ, ನಡೆದದ್ದನ್ನು ಒಂದು ಮಾತೂ ಬಿಡದೆ ಹೇಳಿದಳು.