ದೇವಮ್ಮ ತೆರೆಯದ ಟ್ರಂಕು

ದೆಹಲಿಯ ಜನಕಪುರಿಯ ಆ ಮನೆಯಲ್ಲಿ ಪಿಂಚಣಿ ಎಲ್ಲಿಂದ ಬರುತ್ತದೆ ಎಂದು ಯಾರೂ ಯಾವತ್ತೂ ಕೇಳಿರಲಿಲ್ಲ. ಕುಟ್ಟಪ್ಪನವರು ಸೇನೆಯಲ್ಲಿ ಸುಬೇದಾರರಾಗಿ ನಿವೃತ್ತರಾದವರು. ತಿಂಗಳು ಮುಗಿಯುತ್ತಿದ್ದಂತೆ ಅವರ ಫೋನಿಗೆ ಬ್ಯಾಂಕಿನ ಮೆಸೇಜ್ ಬರುತ್ತದೆ. ಒಮ್ಮೆ ನೋಡಿ ಜೇಬಿಗೆ ಹಾಕಿಕೊಳ್ಳುತ್ತಾರೆ, ಅಷ್ಟೇ. ಕೊಡಗಿನ ಅವರ ಮನೆತನದಲ್ಲಿ ಅಪ್ಪ, ಅಜ್ಜ, ಚಿಕ್ಕಪ್ಪ ಎಲ್ಲರೂ ಸೇನೆಯಲ್ಲಿದ್ದವರೇ. ವಯಸ್ಸಾದರೆ ಕೂದಲು ನರೆಯುವ ಹಾಗೆ ಪಿಂಚಣಿಯೂ ತಾನಾಗಿ ಬರುತ್ತದೆ ಎಂದು ಮನೆಮಂದಿಯೆಲ್ಲ ನಂಬಿಕೊಂಡಿದ್ದರು.

ಮಗಳು ಅಕ್ಷಿತಾಳೂ ಹಾಗೇ ಬೆಳೆದವಳು. ಈಗ ಅವಳಿಗೆ ಮೂವತ್ತೊಂದು. ನೋಯ್ಡಾದ ಖಾಸಗಿ ಕಂಪನಿಯೊಂದಕ್ಕೆ ಹೊಸದಾಗಿ ಸೇರಿದ್ದಳು. ಸೇರಿದ ವಾರವೇ ಕಂಪನಿಯವರು ಕೇಳಿದರು: ಸಂಬಳದ ಒಂದು ಪಾಲನ್ನು ಎನ್‌ಪಿಎಸ್ ಎಂಬ ಪಿಂಚಣಿ ಖಾತೆಗೆ ಹಾಕೋಣವೇ, ಬೇಡವೇ? ಸೋಮವಾರದೊಳಗೆ ತಿಳಿಸಬೇಕಿತ್ತು. ಮೆಟ್ರೋದಲ್ಲಿ ನಿಂತ ನಿಲುವಿನಲ್ಲೇ ಅಕ್ಷಿತಾ "ಬೇಡ" ಎಂದು ತೀರ್ಮಾನಿಸಿಬಿಟ್ಟಳು. ಅವಳ ಬಳಿ ಡಿಮ್ಯಾಟ್ ಖಾತೆ ಇತ್ತಲ್ಲ. ಷೇರು, ಮ್ಯೂಚುವಲ್ ಫಂಡು ಎಲ್ಲ ಅದರಲ್ಲೇ. ಬೇಕಾದಾಗ ಹಾಕಬಹುದು, ಬೇಕಾದಾಗ ತೆಗೆಯಬಹುದು.

ಭಾನುವಾರ ಬೆಳಿಗ್ಗೆ ಮೇಲಿನ ಮನೆಯ ಅಹಲ್ಯಾ ಕಾಫಿಗೆ ಬಂದರು. ಅವರು ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಕೆಲಸ ಮಾಡುವವರು. ಕಟ್ಟಡದ ಕನ್ನಡಿಗರೆಲ್ಲರಿಗೂ ಅವರ ಮೇಲೆ ಪ್ರೀತಿ ಉಕ್ಕುವುದು ತೆರಿಗೆ ಲೆಕ್ಕ ಕೊಡುವ ಜುಲೈ ತಿಂಗಳಲ್ಲಿ ಮಾತ್ರ. ಕುಟ್ಟಪ್ಪನವರ ಹೆಂಡತಿ ದೇವಮ್ಮ ಹಾಗಲ್ಲ, ವರ್ಷಪೂರ್ತಿ ಕಾಫಿ ಕೊಡುತ್ತಾರೆ. ಅಹಲ್ಯಾ ಎಂದಿನಂತೆ ಹಜಾರದ ಕಪ್ಪು ಟ್ರಂಕಿನ ಮೇಲೆ, ದಿಂಬು ಸರಿಮಾಡಿಕೊಂಡು ಕುಳಿತರು.

"ಹೊಸ ಕೆಲಸ ಹೇಗಿದೆ ಅಕ್ಷಿತಾ?"

"ಚೆನ್ನಾಗಿದೆ ಆಂಟಿ. ಎನ್‌ಪಿಎಸ್ ಪಿಂಚಣಿಗೆ ಕಂಪನಿ ಹಾಕುತ್ತಂತೆ, ಬೇಕಾ ಅಂತ ಕೇಳ್ತಿದ್ದಾರೆ. ಬೇಡ ಅಂತೀನಿ. ಅರವತ್ತರ ತನಕ ದುಡ್ಡಿಗೆ ಬೀಗ. ಇತ್ನಾ ಕೌನ್ ರುಕೇಗಾ? ಅಷ್ಟು ವರ್ಷ ಯಾರು ಕಾಯ್ತಾರೆ?"

ಕುಟ್ಟಪ್ಪನವರು ಪೇಪರ್ ಕೆಳಗಿಟ್ಟರು. "ಪಿಂಚಣಿ ಬೇಕಾ ಅಂತ ಕೇಳ್ತಾರಾ? ನಮ್ಮನ್ನ ಯಾರೂ ಕೇಳಲೇ ಇಲ್ಲವಲ್ಲ."

"ನಿಮಗೆ ಸರ್ಕಾರ ಕೊಡುತ್ತೆ ಸುಬೇದಾರ್ ಸಾಹೇಬ್ರೇ. ಇವಳಿಗೆ ಇವಳೇ ಕೊಟ್ಕೋಬೇಕು," ಎಂದರು ಅಹಲ್ಯಾ.

"ಕಂಪನಿ ಹಾಕುತ್ತೆ ಅಂದಳಲ್ಲ?"

"ಹಾಕೋದು ಕಂಪನಿ, ಆದ್ರೆ ಅದು ಇವಳ ಸಂಬಳದ್ದೇ ಪಾಲು. ಕೈಗೆ ಬರೋದು ಅಷ್ಟು ಕಮ್ಮಿ ಆಗುತ್ತೆ. ಪಿಎಫ್ ಒಂದಿದೆ, ಅದನ್ನ ಹಳೇ ಕಂಪನಿಯಿಂದ ಇಲ್ಲಿಗೆ ವರ್ಗ ಮಾಡಿಸ್ಕೋಬೇಕು. ಆದ್ರೆ ಅದೊಂದನ್ನೇ ನಂಬಿ ಕೂರೋ ಹಾಗಿಲ್ಲ."

ಕುಟ್ಟಪ್ಪನವರಿಗೆ ಕುತೂಹಲ ಹತ್ತಿತು. ಜೀವನದಲ್ಲಿ ಮೊದಲ ಸಲ ಪಿಂಚಣಿಯ ಬುಡ ಕೆದಕುವ ಅವಕಾಶ ಸಿಕ್ಕಿತ್ತು, ಅವರು ಬಿಡುವವರಲ್ಲ.

"ಅಲ್ಲ ಅಹಲ್ಯಾ ಅವರೇ, ಇಷ್ಟು ವರ್ಷ ಬೀಗ ಹಾಕಿಸ್ಕೊಂಡಿದ್ದಕ್ಕೆ ಇವಳಿಗೇನು ಲಾಭ?"

"ತೆರಿಗೆ. ಹತ್ತು ಸಾವಿರ ಸಂಬಳವಾಗಿ ಬಂತು ಅನ್ನಿ. ಇವಳ ಸಂಬಳಕ್ಕೆ ಸುಮಾರು ಎರಡು ಸಾವಿರ ತೆರಿಗೆಗೇ ಹೋಯ್ತು. ಉಳಿದ ಎಂಟು ಡಿಮ್ಯಾಟಿಗೆ ಹೋಗುತ್ತೆ. ಮುಂದೆ ಮಾರಿದಾಗ ಲಾಭ ಒಂದು ಮಿತಿ ದಾಟಿದ್ರೆ ಅದಕ್ಕೂ ತೆರಿಗೆ. ಅದೇ ಹಣ ಕಂಪನಿ ಮೂಲಕ ಎನ್‌ಪಿಎಸ್‌ಗೆ ಹೋದ್ರೆ, ಮಿತಿಯೊಳಗಿದ್ರೆ, ಹತ್ತಕ್ಕೆ ಹತ್ತೂ ಹೋಗುತ್ತೆ."

"ಅಚ್ಛಾ. ಹೋಗಿ ಎಲ್ಲಿ ಕೂತಿರುತ್ತೆ, ಬ್ಯಾಂಕಲ್ಲಾ?"

"ಒಂದು ಭಾಗ ಷೇರಲ್ಲಿ, ಒಂದು ಭಾಗ ಬಾಂಡ್, ಅಂದ್ರೆ ಸಾಲಪತ್ರಗಳಲ್ಲಿ. ಏರುತ್ತೆ, ಇಳಿಯುತ್ತೆ. ಇಷ್ಟೇ ಬರುತ್ತೆ ಅಂತ ಯಾರೂ ಬರೆದುಕೊಡಲ್ಲ."

ಸುಬೇದಾರರ ಮುಖ ಸಣ್ಣದಾಯಿತು. "ಪಿಂಚಣಿನೂ ಷೇರಿಗೆ ಹಾಕ್ತಾರಾ? ಬೇಡ ಬಿಡಮ್ಮ ಹಾಗಾದ್ರೆ."

"ಪಪ್ಪ, ನನ್ನ ಡಿಮ್ಯಾಟಲ್ಲಿ ಇರೋದೂ ಅದೇ," ಎಂದು ಅಕ್ಷಿತಾ ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು, "ನಿಜ ಹೇಳ್ಲಾ ಆಂಟಿ? ನಾಲ್ಕು ವರ್ಷ ಆದ್ಮೇಲೆ ಈ ಕೆಲಸ ಬಿಟ್ಟು ಓದಬೇಕು ಅಂತಿದ್ದೀನಿ. ಕಿವುಡ ಮಕ್ಕಳಿಗೆ ಪಾಠ ಹೇಳೋದಕ್ಕೆ ಕೋರ್ಸ್ ಇದೆ. ಎಲ್ಲಾ ಲಾಕ್ ಆದ್ರೆ ಆಗ ಏನು ಮಾಡಲಿ?"

ಈ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದೇವಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತರು. ಕುಟ್ಟಪ್ಪನವರು ಮಗಳನ್ನೇ ನೋಡುತ್ತಾ ಕುಳಿತರು.

"ಒಳ್ಳೇ ಯೋಚನೆ," ಎಂದರು ಅಹಲ್ಯಾ. "ಆದ್ರೆ ಆ ಹಣ ಡಿಮ್ಯಾಟಲ್ಲೂ ಬೇಡ. ನೀನು ಫೀಸ್ ಕಟ್ಟೋ ತಿಂಗಳೇ ಮಾರುಕಟ್ಟೆ ಬಿದ್ದಿದ್ರೆ? ಬೇಗ ಬೇಕಾಗೋದು ತಿಂಗಳು ತಿಂಗಳು ಕಟ್ಟೋ ಬ್ಯಾಂಕ್ ಆರ್‌ಡಿಯಲ್ಲಿರಲಿ. ಈಗ ಹೇಳು, ಡಿಮ್ಯಾಟಿಗೆ ಹಾಕಿದ್ದು ಎಷ್ಟು ಉಳಿದಿದೆ?"

ಅಕ್ಷಿತಾ ತಡವರಿಸಿದಳು. "ಲೇಹ್‌ಗೆ ಟ್ರಿಪ್ ಹೋಗೋವಾಗ ಸ್ವಲ್ಪ ಮಾರಿದೆ. ಆಮೇಲೆ ಫೋನ್..."

"ದೀಪಾವಳಿಗೆ ಸೋಫಾ," ಎಂದು ದೇವಮ್ಮ ನೆನಪಿಸಿದರು.

"ಖಾತೆಯ ತಪ್ಪಲ್ಲ ಅದು," ಎಂದರು ಅಹಲ್ಯಾ. "ಕೈಗೆ ಸಿಗೋದನ್ನ ನಾವು ತೆಗೀತೀವಿ. ನಾನೂ ತೆಗೆದಿದ್ದೀನಿ."

ದೇವಮ್ಮ ಕೈ ಒರೆಸಿಕೊಂಡು ಬಂದು ಕುಳಿತರು. "ಅಹಲ್ಯಾ, ನೀವು ಕೂತಿರೋ ಟ್ರಂಕನ್ನ ನಾನು ಹದಿನೇಳು ವರ್ಷ ತೆಗೀಲಿಲ್ಲ, ಗೊತ್ತಾ?"

ಸೇನೆಯವರ ಮನೆಯಲ್ಲಿ ಇಂಥ ಟ್ರಂಕುಗಳು ಸಾಮಾನ್ಯ. ಕಪ್ಪು ಬಣ್ಣ, ಮೇಲೆ ಬಿಳಿ ಅಕ್ಷರದಲ್ಲಿ ಹೆಸರು, ನಂಬರು. ವರ್ಗವಾದಾಗಲೆಲ್ಲ ಅವು ಲಾರಿ ಏರುತ್ತವೆ. ಜೋಧಪುರ, ಜಲಂಧರ್, ತೇಜ್‌ಪುರ, ಎಲ್ಲಿಗೆ ಹೋದರೂ ದೇವಮ್ಮನವರ ಬಳಿ ಎರಡು ಬಗೆಯ ಗಂಟು ಇರುತ್ತಿತ್ತು. ಹೋಲ್ಡಾಲ್ ಎಂಬ ಕ್ಯಾನ್ವಾಸ್ ಗಂಟಿನಲ್ಲಿ ಚಳಿಗೆ ಹೊದೆಯುವ ರಜಾಯಿ, ಸ್ಟೌವು, ಸ್ವೆಟರು. ಇಳಿದ ದಿನವೇ ಬಿಚ್ಚುವಂಥದ್ದು. ಈ ಟ್ರಂಕಿನಲ್ಲಿ ತಾಯಿ ಕೊಟ್ಟ ಪಿಂಗಾಣಿ ಕಪ್ಪುಗಳು, ಮದುವೆಯ ಸೀರೆ, ದೊಡ್ಡ ಹಿತ್ತಾಳೆ ದೀಪ. ಅದನ್ನು ಸ್ವಂತ ಮನೆ ಆದ ಮೇಲೇ ಬಿಚ್ಚುವುದೆಂದು ಅವರು ಹಟ ಹಿಡಿದಿದ್ದರು.

"ಕರ್ನಲ್ ಸಾಹೇಬರ ಹೆಂಡತಿ ಚಹಾಕ್ಕೆ ಬಂದಾಗ ಇವಳು ಸ್ಟೀಲ್ ಲೋಟದಲ್ಲಿ ಕೊಟ್ಟಳು," ಎಂದರು ಕುಟ್ಟಪ್ಪ. ಆ ಸಿಟ್ಟು ಇನ್ನೂ ಪೂರ್ತಿ ಆರಿರಲಿಲ್ಲ.

"ಕೊಟ್ಟೆ. ಅದಕ್ಕೇ ಇವತ್ತು ಅಹಲ್ಯಾ ಕುಡೀತಿರೋ ಕಪ್ಪು ಒಡೆಯದೆ ಉಳಿದಿದೆ."

ಅಹಲ್ಯಾ ಕೈಯಲ್ಲಿದ್ದ ಕಪ್ಪನ್ನು ತಿರುಗಿಸಿ ನೋಡಿದರು. ಅಂಚಿನ ನೀಲಿ ಹೂವು ಹೊಸದರ ಹಾಗೇ ಇತ್ತು.

"ಹಾಗಾದ್ರೆ ಎಲ್ಲಾ ಟ್ರಂಕಿಗೇ ಹಾಕ್ಲಾ ಅಮ್ಮ?"

"ರಜಾಯಿನೂ ಟ್ರಂಕಲ್ಲಿಟ್ಟು ಬೀಗ ಹಾಕಿದ್ರೆ ಜಲಂಧರ್ ಚಳೀಲಿ ಏನು ಹೊದೀತಿದ್ವಿ? ಎರಡೂ ಬೇಕು ಮಗಳೇ. ಯಾವುದರಲ್ಲಿ ಏನು ಅಂತ ತಿಳಿದು ತುಂಬಬೇಕು."

"ಸರಿಯಾಗಿ ಹೇಳಿದ್ರಿ ದೇವಮ್ಮಕ್ಕ," ಎಂದರು ಅಹಲ್ಯಾ. "ಬೀಗದ ವಿಷಯ ಮುಚ್ಚಿಡಲ್ಲ ಅಕ್ಷಿತಾ. ಕಂಪನಿ ಮೂಲಕ ಹೋದದ್ದನ್ನ ಮಧ್ಯದಲ್ಲಿ ತೆಗೆಯೋದು ಕಷ್ಟ. ಅರವತ್ತಾದಾಗಲೂ ಒಂದು ಪಾಲು ಮಾತ್ರ ಕೈಗೆ, ಉಳಿದದ್ದು ತಿಂಗಳ ಪಿಂಚಣಿಗೆ. ಆ ಪಿಂಚಣಿಗೂ ಆಗ ತೆರಿಗೆ ಇರುತ್ತೆ. ಅದಕ್ಕೇ, ಮುದಿವಯಸ್ಸಿಗೆ ಅಂತ ನಿಜವಾಗ್ಲೂ ಬಿಡೋಕಾಗೋಷ್ಟು ಮಾತ್ರ ಅದಕ್ಕೆ ಹಾಕು."

ಕುಟ್ಟಪ್ಪನವರು ಪೇಪರನ್ನು ಮಡಚಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು, "ನನ್ನ ನಂತರ ನಿನ್ನ ಅಮ್ಮನಿಗೆ ನನ್ನ ಪಿಂಚಣಿಯ ಪಾಲು ಬರುತ್ತೆ. ದುಡಿಯೋ ಮಗಳಿಗೆ ಬರಲ್ಲ. ನಿನಗೂ ಹೇಗೋ ಬರುತ್ತೆ ಅಂದ್ಕೊಂಡು ನಾನು ಯೋಚಿಸಿಯೇ ಇರಲಿಲ್ಲ. ಈಗ ಹೆದರಿಕೆ ಆಗ್ತಿದೆ."

ಅಪ್ಪನ ಬಾಯಲ್ಲಿ ಹೆದರಿಕೆ ಎಂಬ ಮಾತನ್ನು ಅಕ್ಷಿತಾ ಕೇಳಿದ್ದು ಅದೇ ಮೊದಲು. ಅವಳು ಫೋನ್ ತೆಗೆದು ಕಂಪನಿಯ ಪ್ರಶ್ನೆಗೆ "ಬೇಕು" ಎಂದು ಉತ್ತರ ಕಳಿಸಿದಳು. ಕೋರ್ಸಿಗೆ ಆರ್‌ಡಿ ತೆರೆಯುವುದೆಂದಾಯಿತು. ಹತ್ತು, ಹದಿನೈದು ವರ್ಷ ಮುಟ್ಟಬೇಕಿಲ್ಲದ, ಆದರೆ ಅರವತ್ತರ ತನಕ ಕಾಯಲಾಗದ ಹಣ ಡಿಮ್ಯಾಟಿನಲ್ಲಿ ತಿಂಗಳು ತಿಂಗಳು ಮುಂದುವರಿಯಲಿ ಎಂದೂ ಆಯಿತು.

"ಅರವತ್ತಾದ್ಮೇಲೆ ನಿನ್ನ ಫೋನಿಗೂ ಮೆಸೇಜ್ ಬರುತ್ತಾ?" ಎಂದು ಕೇಳಿದರು ಕುಟ್ಟಪ್ಪ.

"ಬರುತ್ತೆ ಪಪ್ಪ."

"ಚಲೋ. ಈಗ ಹೇಳು, ಆ ಕಿವುಡ ಮಕ್ಕಳಿಗೆ 'ಚೆನ್ನಾಗಿದ್ದೀಯಾ' ಅಂತ ಹೇಗೆ ಕೇಳೋದು?"

ಅಕ್ಷಿತಾ ಕೈಯಲ್ಲಿ ಮಾಡಿ ತೋರಿಸಿದಳು. ಅಪ್ಪ ತಮ್ಮ ಒರಟು ಬೆರಳುಗಳಲ್ಲಿ ಹಾಗೇ ಮಾಡಿದರು. ತಪ್ಪಾಯಿತು, ಮತ್ತೆ ಮಾಡಿದರು.

ಇದನ್ನು ಓದುತ್ತಿರುವ ನೀವು ದೆಹಲಿ, ನೋಯ್ಡಾ, ಗುರುಗ್ರಾಮದಲ್ಲಿ ಎಲ್ಲೇ ದುಡಿಯುತ್ತಿರಿ, ಹಣ ಹಾಕುವ ಮೊದಲು ಒಂದು ಮಾತು ಕೇಳಿಕೊಳ್ಳಿ: ಇದು ನನಗೆ ಯಾವಾಗ ಬೇಕು? ಬೇಗ ಬೇಕಾದ್ದಕ್ಕೆ ಬ್ಯಾಂಕು, ದೂರದ್ದಾದರೂ ಕೈಗೆ ಸಿಗಬೇಕಾದ್ದಕ್ಕೆ ಡಿಮ್ಯಾಟು, ಸಂಬಳ ನಿಂತ ಮೇಲಿನ ಬದುಕಿಗೆ ಪಿಂಚಣಿ ಖಾತೆ. ತೆರಿಗೆ ನಿಯಮಗಳು ಬದಲಾಗುತ್ತಿರುತ್ತವೆ, ಗೊತ್ತಿದ್ದವರನ್ನು ಕೇಳಿ. ಕೇಳಲು ನಾಚಿಕೆಪಡಬೇಡಿ, ನಮ್ಮ ಸುಬೇದಾರರು ಎಪ್ಪತ್ತಕ್ಕೆ ಕೇಳಿದರು. ನಿಮ್ಮ ಟ್ರಂಕಿನ ಬೀಗವನ್ನು ಮುಂದೊಂದು ದಿನ ತೆರೆಯುವವರು ನೀವೇ. ಅಂದು ಒಳಗೆ ಏನಿರಬೇಕೋ ಅದನ್ನು ಈ ತಿಂಗಳಿನಿಂದಲೇ ತುಂಬಿಡಿ.