ತಲೆಗೆ ಸ್ನಾನ ಮಾಡಿದ ಮೇಲೆ

ಹಸಿರು, ಕೆಂಪು, ಕೆಂಪು, ನೀಲಿ, ಕಪ್ಪು — ವೈರಸ್ಸಿನ ಜೀನು, ಬಣ್ಣಕ್ಕೊಂದು ಅಕ್ಷರ, ಪರದೆಯ ಮೇಲೆ ಪುಟ್ಟ ಪುಟ್ಟ ಗುಡ್ಡಗಳ ಸಾಲು ಬಲಕ್ಕೆ ಸರಿಯುತ್ತಿದೆ, ಎಲ್ಲೋ ಹೀಟರ್ ಟಕಟಕ ಅನ್ನುತ್ತಿದೆ, ಮೇಲಿನ ಸಾಲು, ಕೆಳಗಿನ ಸಾಲು, ಒಂದರ ಮೇಲೊಂದು ಕೂರಿಸಿದರೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ, ಎಲ್ಲಾದರೂ ಒಂದು ಕಡೆ, ಒಂದೇ ಒಂದು ಅಕ್ಷರ ಬೇರೆ ಇರಬಾರದಿತ್ತೇ ಎಂದು ಅರ್ಪಿತಾ ಮೌಸ್ ಹಿಡಿದು ಮತ್ತೆ ಮೊದಲಿನಿಂದ ಹೊರಟಳು. ಕೆಳಗಿನದು ಸಿದ್ದರಾಮಪ್ಪ ಅಂಕಲ್‌ರದು, ಹೆಸರಿಲ್ಲ, ಕೌಂಟಿಯ ಆರೋಗ್ಯ ಇಲಾಖೆಯವರು ಅಂಟಿಸಿ ಕಳಿಸಿದ ನಂಬರ್ ಅಷ್ಟೇ, ಆದರೆ ವಯಸ್ಸಾದ ಗಂಡಸು, ಊರು ಎಡಿಸನ್, ಮೃತ ಎಂದಿದ್ದರೆ ಇನ್ಯಾರು. ಮೇಲಿನದಕ್ಕೆ ನಂಬರೂ ಇಲ್ಲ, ಅದು ಅಮ್ಮನದು, ಪೂಜೆಗೆ ಮುಂಚಿನ ವಾರ ಅಮ್ಮನಿಗೆ ವಾಂತಿಭೇದಿ ಹತ್ತಿಕೊಂಡಾಗ ಲ್ಯಾಬಿನ ಚಾಳಿ ಬಿಡದೆ ಮಲಪರೀಕ್ಷೆಯ ಡಬ್ಬಿ ಕೊಟ್ಟಿದ್ದಳು, ಥೂ, ಇದನ್ನ ನೋಡೋಕೆ ನಿನ್ನ ಅಷ್ಟು ಓದಿಸಿದ್ದಾ ಪುಟ್ಟಿ, ಊರಲ್ಲಿ ಯಾರಾದ್ರೂ ಕೇಳಿದ್ರೆ ಏನಂತ ಹೇಳ್ಲಿ — ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ಡಬ್ಬಿ ಲ್ಯಾಬಿನ ಮೂಲೆ ಸೇರಿತ್ತು, ಮರೆತೇ ಹೋಗಿತ್ತು, ಹಾಗೇ ಮರೆತಿದ್ದರೆ ಏನು ಗಂಟು ಹೋಗುತ್ತಿತ್ತು. ಒಂದೇ ವೈರಸ್, ಒಂದೇ ಸರಪಳಿ, ಅಮ್ಮನಿಗೆ ಮೊದಲು, ಆಮೇಲೆ ಮನೆ ತುಂಬ ಬಂದ ಜನಕ್ಕೆ.

ಪೂಜೆಯೇ ಬೇಡವಾಗಿತ್ತು, ಗಂಡ ಸಾಗರ್‌ಗೂ ಬೇಡವಾಗಿತ್ತು, ನ್ಯೂಯಾರ್ಕಿನ ಬ್ಯಾಂಕು ಮುಳುಗಿ ಅವನು ಮನೆಯಲ್ಲಿ ಕೂತು ಎಷ್ಟೋ ತಿಂಗಳಾಗಿ ಹೆಂಡತಿಯ ವೀಸಾಕ್ಕೆ ಬಾಲಂಗೋಚಿಯಾಗಿದ್ದ, ಗಡ್ಡ ಬಿಟ್ಟಿದ್ದ, ಮಾತು ಬಿಟ್ಟಿದ್ದ, ಅಳಿಯಂದಿರಿಗೆ ಕೆಲಸ ಸಿಗಲಿ ಅಂತ ಸತ್ಯನಾರಾಯಣನಿಗೆ ಹೇಳ್ಕೊಂಡಿದೀನಿ, ಮಾಡಿಸಿಬಿಡೋಣ ಕಣೆ ಎಂದು ಅಮ್ಮ ಹಿಡಿದ ಪಟ್ಟು ಬಿಡಲಿಲ್ಲ, ಸರಿ ಎಂದು ಪ್ರೆಸಿಡೆಂಟ್ಸ್ ಡೇ ರಜೆಯ ಸೋಮವಾರ ಗೊತ್ತುಮಾಡಿದ್ದಾಯಿತು, ಈ ದೇಶದಲ್ಲಿ ದೇವರೂ ಲಾಂಗ್ ವೀಕೆಂಡಿಗೆ ಕಾಯಬೇಕು. ಊಟ ವಿಜಿಯದು, ಪುಳಿಯೋಗರೆ, ಬಿಸಿಬೇಳೆಬಾತ್, ಅವಳ ಗಂಡನದ್ದೂ ಕೆಲಸ ಹೋಗಿ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲೇ ಕ್ಯಾಟರಿಂಗ್ ಶುರು ಮಾಡಿದ್ದಳಲ್ಲ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡೇ ಟ್ರೇಗಳನ್ನು ಇಳಿಸಿದಳು, ಇನ್ನೊಂದು ಆರ್ಡರ್ ಇದೆ ಅಕ್ಕ, ಕೂರಕ್ಕಾಗಲ್ಲ ಎಂದು ಹೊರಟೇಹೋದಳು. ಪಂಚಾಮೃತ ಮಾತ್ರ ಹೊರಗಿನವರ ಕೈಯದು ಆಗಬಾರದು, ಅದು ಅಮ್ಮನದೇ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅರ್ಪಿತಾ ನೋಡಿದ್ದಳು, ನೋಡಿರಲಿಲ್ಲ ಎಂದು ಈಗ ಯಾರಿಗೆ ಹೇಳುವುದು, ಒದ್ದೆಕೂದಲಿಗೆ ಟವೆಲ್ ಸುತ್ತಿಕೊಂಡ ಅಮ್ಮ ಬೆಳ್ಳಿ ಪಾತ್ರೆಗೆ ಬಾಳೆಹಣ್ಣು ಹಾಕಿ, ಹಾಲು ಮೊಸರು ಜೇನುತುಪ್ಪ ಸುರಿದು, ಬರಿಗೈಯಲ್ಲಿ ಕಿವುಚುತ್ತಿದ್ದಳು. ಅಮ್ಮ, ಚಮಚದಲ್ಲಿ ಮಾಡಬಾರದಾ, ಹೋದ ವಾರ ಹೊಟ್ಟೆ ಕೆಟ್ಟಿತ್ತಲ್ಲ. ಹೋದ ವಾರದ್ದು ಹೋದ ವಾರಕ್ಕಾಯ್ತು, ತಲೆಗೆ ಸ್ನಾನ ಮಾಡಿದ್ಮೇಲೆ ಇನ್ನೆಂಥ ಮೈಲಿಗೆ, ನೀನು ಮುಟ್ಟಬೇಡ, ಅತ್ಲಾಗೆ ಹೋಗು.

ಹೋದಳು. ಭೇದಿ ನಿಂತ ಮೇಲೂ ಎಷ್ಟೋ ದಿನ ವೈರಸ್ ಹೊರಗೆ ಬರುತ್ತಲೇ ಇರುತ್ತದೆ, ವಾಸಿಯಾಯಿತೆಂದು ಅಡುಗೆಗೆ ಕೈಹಾಕಬೇಡಿ ಎಂದು ನರ್ಸಿಂಗ್ ಹೋಮ್‌ಗಳಿಗೆಲ್ಲ ಹೋಗಿ ಪಾಠ ಹೇಳಿಬರುವವಳು ಅತ್ಲಾಗೆ ಹೋಗಿ ರಂಗೋಲಿ ಹಾಕಿದಳು, ಯಾಕೆಂದರೆ ಸಾಗರ್ ಅಂದು ಗಡ್ಡ ಬೋಳಿಸಿದ್ದ, ಯಾಕೆಂದರೆ ಅಮ್ಮ ಖುಷಿಯಾಗಿದ್ದಳು, ಯಾಕೆಂದರೆ ಮಡಿಯ ಮಾತೆತ್ತಿದರೆ ರಂಪವಾಗುತ್ತಿತ್ತು, ರಂಪ ಆಗಿದ್ದರೆ ಆಗಿತ್ತು, ಒಂದು ದಿನ ಮುಖ ಊದಿಸಿಕೊಂಡು ಮಾರನೆಯ ದಿನ ಸರಿಹೋಗುತ್ತಿದ್ದಳು. ಸಿದ್ದರಾಮಪ್ಪ ಅಂಕಲ್ ಧಾರವಾಡ ಕಡೆಯವರು, ಮಗ ವೆಂಕಟೇಶನ ಮನೆಗೆ ಬಂದಿದ್ದವರು, ಎಲೆಗೆ ಕೂರಲೇ ಇಲ್ಲ, ಇವತ್ತ ಸೋಮವಾರ ಐತ್ರಿ, ನಂದ ಉಪಾಸ, ತೀರ್ಥ ಒಂದ ಕೊಡ್ರಿ ಸಾಕು — ಎಡಗೈ ಮೇಲೆ ಬಲಗೈ ಇಟ್ಟು ಅಂಗೈ ಗುಳಿ ಮಾಡಿ ಚಾಚಿದರು, ಅಮ್ಮ ಉದ್ಧರಣೆಯಲ್ಲಿ ಹಾಕಿದಳು, ನೆಕ್ಕಿ, ಕೈಯನ್ನು ತಲೆಗೆ ಒರೆಸಿಕೊಂಡು, ಭಾಳ ರುಚಿ ಐತ್ರಿ ಅಕ್ಕಾರ, ಇನ್ನೊಂದೀಟು ಹಾಕ್ರಿ ಎಂದು ಮತ್ತೆ ಅದೇ ಅಂಗೈ, ಮತ್ತೆ ಅಮ್ಮನ ಕೈ, ಅಮ್ಮನ ಮುಖದಲ್ಲಿ ಏನು ಹಿಗ್ಗು. ಎರಡು ದಿನದಲ್ಲಿ ಬಂದವರೆಲ್ಲ ಹಾಸಿಗೆ ಹಿಡಿದರು, ಎಲ್ಲರೂ ಎದ್ದರು, ಅಂಕಲ್ ಮಾತ್ರ ಆಸ್ಪತ್ರೆಯಿಂದ ವಾಪಸ್ ಬರಲಿಲ್ಲ, ಮೊದಲೇ ಕಿಡ್ನಿ ಸರಿ ಇರಲಿಲ್ಲವಂತೆ. ವಿಜಿಯ ಪುಳಿಯೋಗರೆಯೇ ಇರಬೇಕು ಎಂದು ಯಾರೋ ಅಂದರು, ಆಮೇಲೆ ಇರಬೇಕು ಅನ್ನುವುದೂ ಬಿದ್ದುಹೋಯಿತು, ಅವಳಿಗಿದ್ದ ಆರ್ಡರ್‌ಗಳೆಲ್ಲ ಕ್ಯಾನ್ಸಲ್, ಅಂಗಡಿಯಲ್ಲಿ ಎದುರಾದವರು ಮುಖ ತಿರುಗಿಸುತ್ತಾರಂತೆ. ಆ ಹುಡುಗಿ ಒಂದು ಜೀವ ತೆಗೆದುಬಿಟ್ಲಲ್ಲೇ ಪುಟ್ಟಿ, ಮಡಿ ಇಲ್ಲ ಮೈಲಿಗೆ ಇಲ್ಲ, ಎಂದು ಅಮ್ಮ ದಿನಾ. ಆ ಮನುಷ್ಯ ವಿಜಿಯ ಒಂದು ಅಗುಳನ್ನೂ ಮುಟ್ಟಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ, ಅರ್ಪಿತಾಳಿಗೆ ಹೊಳೆದಿತ್ತು, ಅದಕ್ಕೇ ಆ ಹಳೆಯ ಡಬ್ಬಿಯನ್ನು ಹುಡುಕಿ ತೆಗೆದದ್ದು, ಅಮ್ಮ ಅಲ್ಲ ಎಂದು ತೋರಿಸಿಕೊಳ್ಳುವುದಕ್ಕೆ.

ಮೇಲಿನ ಸಾಲನ್ನು ಅಳಿಸಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ, ಮೂಲ ಪತ್ತೆಯಾಗಲಿಲ್ಲ ಎಂದು ಬರೆದರೆ ಕೌಂಟಿಯವರು ಕೈತೊಳೆದುಕೊಳ್ಳುತ್ತಾರೆ, ವಿಜಿ ಅಪವಾದ ಹೊತ್ತು ಹಾಗೇ ಉಳಿಯುತ್ತಾಳೆ, ನಿಜ ಬರೆದರೆ ಅಮ್ಮ ಉಳಿಯುವುದಿಲ್ಲ, ಇರುವೆ ತುಳಿದರೂ ಅಯ್ಯೋ ಅನ್ನುವವಳು, ಇದನ್ನು ಕೇಳಿದ ಮೇಲೆ ಯಾವ ಕೈಯಲ್ಲಿ ಅನ್ನ ಕಲಸುತ್ತಾಳೆ, ಹೇಳಲೇಬೇಕು, ಹೇಳಲಾಗದು, ಸಾಗರ್ ಕೂಡ ಮನೆಯಲ್ಲಿಲ್ಲ, ಇಂಟರ್‌ವ್ಯೂಗೆ ಹೋಗಿದ್ದಾನೆ — ಫೋನ್, ಅಮ್ಮನೇ, ಪುಟ್ಟಿ, ವಿಜಿ ಬಂದಿದ್ಲು ಕಣೆ, ಮಗೂನ ಎತ್ಕೊಂಡು ಬಾಗಿಲಲ್ಲೇ ನಿಂತು ಅಳ್ತಾಳೆ, ಆಂಟಿ ನಾನೇನೂ ತಪ್ಪು ಮಾಡಿಲ್ಲ ಅಂತ, ನನಗೂ ಕರುಳು ಚುರ್ ಅಂತು, ಎಷ್ಟು ದಿನ ಅಂತ ದ್ವೇಷ ಇಟ್ಕೊಳೋದು, ಒಳಗೆ ಕರೆದು ಕೂರಿಸ್ದೆ. ಒಳ್ಳೇದು ಮಾಡಿದೆ ಅಮ್ಮ, ಅಂದಳು ಅರ್ಪಿತಾ, ಈಗಲೇ, ಇದೇ ಮಾತಿನ ಬೆನ್ನಿಗೇ ಹೇಳಿಬಿಡಬೇಕು, ಅಮ್ಮ ಅದು ವಿಜಿಯ ಕೈಯಲ್ಲ — ಅಮ್ಮ ಇನ್ನೂ ಹೇಳುತ್ತಲೇ ಇದ್ದಳು, ಪಾಪ, ಅವತ್ತು ಅಡುಗೆ ಕೊಟ್ಟು ಹಾಗೇ ಓಡಿದ್ಲಲ್ಲ, ತೀರ್ಥ ಕೂಡ ತಗೊಂಡಿರಲಿಲ್ಲ, ಅದಕ್ಕೇ ಅವಳಿಗೆ ಹೀಗಾಯ್ತೋ ಏನೋ, ಉಳಿದಿದ್ದ ಪಂಚಾಮೃತ ಚೆಲ್ಲಬಾರದು ಅಂತ ಫ್ರೀಜರಲ್ಲಿ ಇಟ್ಟಿದ್ದೆ, ಕರಗಿಸಿ ಕೊಟ್ಟೆ, ಅವಳಿಗೊಂದು ಉದ್ಧರಣೆ, ಮಗೂಗೊಂದು, ಎಷ್ಟು ಜಾಣ ಅಂತೀಯ ಅದು, ಯಾರೂ ಹೇಳಿಕೊಡದೇನೇ ಬಲಗೈ ಚಾಚ್ತು. ಯಾವಾಗ ಕೊಟ್ಟೆ. ಈಗಷ್ಟೇ, ಕಾರ್ ಹತ್ತಿಸಿ ಬಂದೆ, ಯಾಕೆ, ಪುಟ್ಟಿ, ಕೇಳಿಸ್ತಿದೆಯಾ. ಕೇಳಿಸುತ್ತಿದೆ, ಫ್ರೀಜರಿನಲ್ಲಿಟ್ಟರೆ ಈ ವೈರಸ್ ಸಾಯುವುದಿಲ್ಲ, ವಿಜಿಯ ನಂಬರ್ ಹುಡುಕಬೇಕು, ಹುಡುಕಿ ಏನೆಂದು ಹೇಳುವುದು, ಮಗು ಏನು ತೂಕವಿದ್ದೀತು, ಸೋರಿಹೋಗಲು ಅದರ ಮೈಯಲ್ಲಿ ಎಷ್ಟು ನೀರಿದ್ದೀತು — ಪುಟ್ಟ ಬಲಗೈ, ಅಂಗೈ ಗುಳಿಯಲ್ಲಿ ಒಂದು ಬಿಳಿ ಹನಿ, ಅಮ್ಮನ ಹಿಗ್ಗಿದ ಮುಖ, ನಾಲಿಗೆ, ಒದ್ದೆ ಕೈ ತಲೆಗೆ — ಪುಟ್ಟ ಬಲಗೈ, ಬಿಳಿ ಹನಿ — ಪುಟ್ಟ ಬಲಗೈ.